ಹೊಳೆಯಾಚೆಯ ಮಾತ್ರೆ

ನಲವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದ್ದೇನೆ. ಅಷ್ಟು ವರ್ಷಗಳಲ್ಲಿ ನಾನು ಕಂಡವರ ಪೈಕಿ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವರು ರೋಗಿಯಲ್ಲ, ಒಬ್ಬ ಡಾಕ್ಟರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಯಾದರೂ ಹೆಸರು ಅಚ್ಚಾದರೆ ಏನೋ ತೊಂದರೆ ಹಿಂದೆಯೇ ಬರುತ್ತದೆ ಎಂದು ನಂಬಿದ್ದವರು ಅವರು.

ಅವರ ಮಗಳು ಮಲೇಷ್ಯಾದ ಸುಬಾಂಗ್ ಜಯಾದಲ್ಲಿದ್ದಾಳೆ. ತಂದೆಯ ನೆನಪಿಗೆ ಊರಿನ ನೆಂಟರಿಗೆ ಹಂಚಲು ಒಂದು ಸಣ್ಣ ಪುಸ್ತಕ ಮಾಡುತ್ತೇನೆಂದು ಹೊರಟಿದ್ದಾಳೆ. "ಆಂಟಿ, ಯು ವರ್ ದೇರ್ ಲಾ. ಯು ರೈಟ್. ಕನ್ನಡದಲ್ಲೇ ಬರೀರಿ, ಉಡುಪಿ ಪೀಪಲ್ ವಿಲ್ ರೀಡ್" ಎಂದು, ಮಲಯ್ ಮಾತಿನ 'ಲಾ' ಬೆರೆಸಿ, ಫೋನ್ ಮಾಡಿದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಇದರಲ್ಲಿ ಅವಳಿಗೆ ನಾನು ಈವರೆಗೆ ಹೇಳದ ಒಂದು ಸಂಗತಿ ಇದೆ. ಓದಿದವರು ಅದನ್ನು ಅವಳಿಗೆ ಹೇಳಲಿ. ನನಗೆ ಬಾಯಿಬಿಟ್ಟು ಹೇಳಲು ಆಗಿಲ್ಲ.

ನಾನು ಮಂಗಳೂರಿನವಳು. ಕ್ರೈಸ್ತ ಸನ್ಯಾಸಿನಿಯರ ನರ್ಸಿಂಗ್ ಶಾಲೆಯಲ್ಲಿ ಕಲಿತವಳು. ಅಲ್ಲಿ ಬೆಳಗಿನ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ನಾಲ್ಕು ಮೂವತ್ತೈದಕ್ಕೆ ಹಾಸಿಗೆಯ ಮೇಲೆ ಯಾರಾದರೂ ಕಂಡರೆ ಆ ದಿನ ಕಾಫಿ ಇಲ್ಲ. ಆ ಗಂಟೆ ಈಗಲೂ ನನ್ನ ತಲೆಯೊಳಗೆ ಹೊಡೆಯುತ್ತದೆ. ಡಾಕ್ಟರು ಉಡುಪಿಯವರು, ಶ್ವಾಸಕೋಶದ ತಜ್ಞರು. ಮಲೇಷ್ಯಾದ ಕೆಲಾಂತಾನ್‌ನಲ್ಲಿ ಒಂದೇ ವೈದ್ಯಕೀಯ ಕಾಲೇಜಿನಲ್ಲಿ ನಾವಿಬ್ಬರೂ ವರ್ಷಗಟ್ಟಲೆ ದುಡಿದೆವು. ನಿವೃತ್ತಿಯಾದ ಮೇಲೆ ಗೋಲೊಕ್ ನದಿಯ ದಡದ ಒಂದು ಧರ್ಮಾರ್ಥ ಕ್ಷಯರೋಗ ಚಿಕಿತ್ಸಾಲಯಕ್ಕೆ ಬಂದೆವು. ಅವರ ಹೆಂಡತಿ ತೀರಿಕೊಂಡಿದ್ದರು, ನಾನು ಮದುವೆಯಾದವಳಲ್ಲ. ಗಡಿಪೇಟೆಯಲ್ಲಿ ಅಕ್ಕಪಕ್ಕದ ಎರಡು ಬಾಡಿಗೆ ಮನೆ, ನಡುವೆ ಒಂದು ಬೇಲಿ. ಅವರು ನನ್ನನ್ನು ಕರೆಯುತ್ತಿದ್ದದ್ದು 'ಸಿಸ್ಟರ್', ನಾನು ಅವರನ್ನು ಕರೆಯುತ್ತಿದ್ದದ್ದು 'ಡಾಕ್ಟ್ರು'.

ಗೋಲೊಕ್ ದೊಡ್ಡ ನದಿಯಲ್ಲ. ನಮ್ಮ ಊರಿನ ಕಡೆಯಾಗಿದ್ದರೆ ಹೊಳೆ ಎನ್ನುತ್ತಿದ್ದೆವು. ಕೆಂಪು ಮಣ್ಣಿನ ನೀರು. ಈಚೆ ಮಲೇಷ್ಯಾ, ಆಚೆ ಥೈಲ್ಯಾಂಡ್. ಎರಡೂ ದಡದವರು ಆಡುವುದು ಒಂದೇ ಮಲಯ್ ಭಾಷೆ. ಈಚೆ ಮನೆ, ಆಚೆ ಅತ್ತೆಮನೆ. ಈಚೆ ಸಂತೆ, ಆಚೆ ತೋಟ. ಜನ ಸಣ್ಣ ದೋಣಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದಾಟುತ್ತಲೇ ಇದ್ದರು. ಡಾಕ್ಟರು ಮಾತ್ರ ಒಂದು ಸಲವೂ ದೋಣಿ ಹತ್ತಿದವರಲ್ಲ.

ಅವರು ಹೆದರುತ್ತಿದ್ದ ವಸ್ತುಗಳನ್ನು ಪಟ್ಟಿ ಮಾಡಹೊರಟರೆ ಈ ಪುಸ್ತಕ ಸಾಲದು. ನೀರು, ನಾಯಿ, ಲಿಫ್ಟು, ಪೊಲೀಸು, ಮುಚ್ಚಿದ ಲಕೋಟೆ. ಕಾಲೇಜಿನಲ್ಲಿ ಐದನೆಯ ಮಹಡಿಯ ವಾರ್ಡಿಗೆ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಜೊತೆಗೆ ಬಂದ ವಿದ್ಯಾರ್ಥಿಗಳು ಏದುಸಿರು ಬಿಟ್ಟು ನಿಲ್ಲುವಾಗ "ನೋಡಿ, ಶ್ವಾಸಕೋಶದ ಪಾಠ ಇಲ್ಲಿಂದಲೇ ಸುರು" ಎನ್ನುತ್ತಿದ್ದರು. ಹೆದರಿಕೆಯಾದಾಗ ಅವರ ಬಲಗೈ ತಾನಾಗಿ ಎಡಗೈಯ ಮಣಿಕಟ್ಟಿಗೆ ಹೋಗುತ್ತಿತ್ತು. ಎದುರಿಗಿದ್ದವರ ಮಾತು ಕೇಳುತ್ತಲೇ ತಮ್ಮ ನಾಡಿಯನ್ನು ಎಣಿಸುತ್ತಿದ್ದರು.

"ಎಷ್ಟು ಡಾಕ್ಟ್ರೇ?" ಎಂದು ನಾನು ಕೇಳುತ್ತಿದ್ದೆ.

"ತೊಂಬತ್ತಾರು. ನೀವು ನಗ್ಬೇಡಿ ಸಿಸ್ಟರ್, ನೂರರ ಮೇಲೆ ಹೋಗ್ತದೆ."

ಇಂಥ ಮನುಷ್ಯನಿಗೆ ಒಂದು ವಿಚಿತ್ರ ಹವ್ಯಾಸವಿತ್ತು. ಜಗತ್ತಿನಲ್ಲಿ ಎರಡು ದೇಶಗಳು ಹಂಚಿಕೊಂಡ ಬೆಟ್ಟ, ನದಿ, ಸರೋವರ, ಜಲಪಾತ ಎಲ್ಲೆಲ್ಲಿವೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ಎವರೆಸ್ಟಿನ ತುದಿಯಲ್ಲಿ ಗಡಿರೇಖೆ ಹೇಗೆ ಹಾಯುತ್ತದೆ, ನಯಾಗರವನ್ನು ಯಾವ ದಡದಿಂದ ನೋಡಿದರೆ ಚೆಂದ, ವಿಕ್ಟೋರಿಯಾ ಜಲಪಾತದ ಮಂಜು ಯಾವ ದೇಶದ ಮೇಲೆ ಬೀಳುತ್ತದೆ. ಒಂದನ್ನೂ ಕಣ್ಣಾರೆ ಕಂಡವರಲ್ಲ. ಮಲೇಷ್ಯಾಕ್ಕೆ ಬಂದ ವಿಮಾನದ ಹೆದರಿಕೆಯೇ ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ ನಮಗೆಲ್ಲ ಕ್ವಿಜ್. ಒಂದು ದಿನ ಕೇಳಿಯೇ ಬಿಟ್ಟೆ, ಇದೇ ಯಾಕೆ ಎಂದು.

"ಇಬ್ಬರು ಯಜಮಾನರು ಇರುವ ಜಾಗ ಅಲ್ವಾ ಸಿಸ್ಟರ್. ಒಬ್ಬ ಓಡಿಸಿದ್ರೆ ಇನ್ನೊಬ್ಬನ ಕಡೆಗೆ ಓಡ್ಬಹುದು. ಹೆದರುವವನಿಗೆ ಅದಕ್ಕಿಂತ ಸೇಫ್ ಜಾಗ ಎಲ್ಲುಂಟು?"

"ನಮ್ಮ ಹೊಳೆಯ ಗೆರೆ ಎಲ್ಲಿದೆ ಹಾಗಾದರೆ?"

ಅವರ ಕೈ ಮಣಿಕಟ್ಟಿಗೆ ಹೋಯಿತು. "ಅದೇ ಮಾರಾಯ್ರೆ, ನೀರು ಎಲ್ಲಿ ತುಂಬಾ ಆಳವೋ ಅಲ್ಲಿಯಂತೆ. ಮುಳುಗುವ ಜಾಗದಲ್ಲೇ ಗಡಿ ಇಟ್ಟಿದ್ದಾರೆ."

ಈಗ ಮಕ್‌ಚಿಕ್ ಬಗ್ಗೆ ಹೇಳಬೇಕು. ಮಲಯ್ ಭಾಷೆಯಲ್ಲಿ ಮಕ್‌ಚಿಕ್ ಎಂದರೆ ಚಿಕ್ಕಮ್ಮ; ಹಿರಿಯ ಹೆಂಗಸರನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಆಕೆ ಆಚೆ ದಡದವಳು. ದಿನಾ ಬೆಳಿಗ್ಗೆ ದೋಣಿಯಲ್ಲಿ ಬಂದು ಈಚೆಯ ಸಂತೆಯಲ್ಲಿ ಕರಿದ ಬಾಳೆಹಣ್ಣು ಮಾರುತ್ತಿದ್ದಳು. ಐವತ್ತರ ಆಸುಪಾಸು, ಗಟ್ಟಿ ಧ್ವನಿ, ಚೂಪು ನಾಲಿಗೆ. ಆಕೆಗೆ ಕ್ಷಯ. ಒಮ್ಮೆ ನಮ್ಮಲ್ಲೇ ಮದ್ದು ಸುರುಮಾಡಿ, ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತೆಂದು ಹೇಳದೆ ಕೇಳದೆ ಬಿಟ್ಟಿದ್ದಳು. ವರ್ಷ ಕಳೆದ ಮೇಲೆ ಮತ್ತೆ ರಕ್ತ ಕೆಮ್ಮುತ್ತಾ ಬಂದಳು. ಮದ್ದು ಇನ್ನೂ ಕೆಲಸ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೆ ಇನ್ನೊಮ್ಮೆ ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತೆ ಬಲಿಯುತ್ತದೆ. ಆಮೇಲೆ ಆಕೆಯನ್ನೂ ಉಳಿಸುವುದು ಕಷ್ಟ, ಜೊತೆಯಲ್ಲಿ ಮಲಗುವ ಬಸುರಿ ಮಗಳನ್ನೂ ಕಾಯುವುದು ಕಷ್ಟ.

ಕ್ಷಯದ ಚಿಕಿತ್ಸೆಯಲ್ಲಿ ಒಂದು ಕ್ರಮವಿದೆ. ಮಾತ್ರೆ ಕೊಟ್ಟರೆ ಸಾಲದು, ರೋಗಿ ನುಂಗುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಬೇಕು. ನೋಡಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಕಾರ್ಡಿನಲ್ಲಿ ಆ ದಿನದ ಚೌಕಕ್ಕೆ ಗುರುತು ಹಾಕಬೇಕು. ಆರು ತಿಂಗಳು, ದಿನ ತಪ್ಪದೆ. ಮೊದಲೆಲ್ಲ ಮಾತ್ರೆ ಮನೆಗೇ ಕೊಟ್ಟು ಕಳಿಸುತ್ತಿದ್ದೆವು; ಆಕೆ ನಡುವೆ ಬಿಟ್ಟ ಮೇಲೆ ಡಾಕ್ಟರು ಇದನ್ನು ಯಾರಿಗೂ ಬಿಟ್ಟುಕೊಡದೆ ತಾವೇ ಮಾಡುತ್ತಿದ್ದರು. ಮಕ್‌ಚಿಕ್ ಎರಡನೆಯ ಸಲ ಬಂದ ದಿನ ಆಕೆಯನ್ನು ಎದುರು ಕೂರಿಸಿಕೊಂಡು ಗಂಭೀರವಾಗಿ ಹೇಳಿದರು: "ಹೋದ ಸಲ ಮನೆಯಲ್ಲಿ ನುಂಗಿದಿರಿ, ಮದ್ದು ಹಿಡಿಯಲಿಲ್ಲ. ಈ ಮದ್ದು ನಾನು ನೋಡುತ್ತಿರುವಾಗ ನುಂಗಿದರೆ ಮಾತ್ರ ಹಿಡಿಯುತ್ತದೆ."

ಆಕೆ ಹೋದ ಮೇಲೆ ನಾನು ಬಾಗಿಲು ಹಾಕಿ ಜಗಳ ತೆಗೆದೆ. ರೋಗಿಗೆ ಸುಳ್ಳು ಹೇಳುವುದು ನನಗೆ ಕಲಿಸಿದ ವಿದ್ಯೆಯಲ್ಲ.

"ಹೆದರಿದವ ಹೇಳಿದ್ದು ಕೇಳ್ತಾನೆ ಸಿಸ್ಟರ್. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತುಂಟು?" ಎಂದರು. ಫೆಬ್ರವರಿ ತಿಂಗಳ ಮಾತು ಇದು. ಗಡಿ ಮುಚ್ಚುವವರೆಗೆ ಆಕೆ ನಿಜಕ್ಕೂ ಒಂದು ದಿನವೂ ತಪ್ಪಿಸಲಿಲ್ಲ.

ಮಾರ್ಚ್‌ನಲ್ಲಿ ಗಡಿ ಮುಚ್ಚಿತು. ಸಾಂಕ್ರಾಮಿಕದ ಮೊದಲ ವರ್ಷ. ದೋಣಿಗಳನ್ನು ಮೇಲೆ ಎಳೆದು ಕವುಚಿ ಹಾಕಿದರು. ದಡದುದ್ದಕ್ಕೂ ಮುಳ್ಳುತಂತಿಯ ಸುರುಳಿ ಬಂತು, ಈಚೆಯೂ ಆಚೆಯೂ ಬಂದೂಕು ಹಿಡಿದವರು ಬಂದರು. ಪೇಟೆಯಲ್ಲಿ ಸದ್ದೇ ಇಲ್ಲ. ಪೊಲೀಸ್ ಜೀಪು ಧ್ವನಿವರ್ಧಕದಲ್ಲಿ ಮನೆಯೊಳಗಿರಿ ಎಂದು ಕೂಗುತ್ತಾ ಹೋಗುವುದು ಮಾತ್ರ ಕೇಳುತ್ತಿತ್ತು. ಎಲ್ಲರ ಮುಖದಲ್ಲಿ ಡಾಕ್ಟರ ಮುಖದ ಕಳೆ ಬಂದಿತ್ತು. ಹೆದರಿಕೆ ಎಷ್ಟು ಎಂದು ಹೇಳುವುದಾದರೆ, ಅಂಗಡಿಯವನು ಬ್ರೆಡ್ಡನ್ನು ಕೋಲಿನ ತುದಿಯಿಂದ ತಳ್ಳುತ್ತಿದ್ದ.

"ಇಬ್ಬರೂ ಯಜಮಾನರು ಒಟ್ಟಿಗೆ ಬಾಗಿಲು ಹಾಕಿದ್ರೆ ಎಂತ ಮಾಡುವುದು ಅಂತ ನಾನು ಯೋಚನೆಯೇ ಮಾಡಿರ್ಲಿಲ್ಲ" ಎಂದು ಡಾಕ್ಟರು ಬೇಲಿಯ ಆಚೆಯಿಂದ ಹೇಳಿದರು.

ಮಾತ್ರೆಯ ವ್ಯವಸ್ಥೆ ಕಷ್ಟವಾಗಲಿಲ್ಲ. ಆಚೆ ದಡದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿವರ ಕಳಿಸಿದೆವು. ಅವರು ತಿಂಗಳಿಗೊಮ್ಮೆ ಪೊಟ್ಟಣ ಕೊಡಲು ಒಪ್ಪಿದರು. ದಿನಾ ಬಂದು ನೋಡಲು ಮಾತ್ರ ಅವರಲ್ಲಿ ಜನ ಇರಲಿಲ್ಲ. ಅದು ಸಾಕು ಎಂದು ನಾನು ಅಂದುಕೊಂಡೆ. ಡಾಕ್ಟರ ಮುಖ ಬಿಳುಚಿಕೊಂಡಿತು.

"ಮದ್ದು ಕೈಯಲ್ಲಿದ್ರೆ ಎಂತ ಸಿಸ್ಟರ್? ನಾನು ನೋಡದಿದ್ರೆ ಹಿಡಿಯುದಿಲ್ಲ ಅಂತ ಹೇಳಿದ್ದೇನೆ. ಅವರು ನುಂಗ್ಲಿಕ್ಕಿಲ್ಲ."

ನಿಜವಾಗಿಯೂ ಹಾಗೆಯೇ ಆಯಿತು. ಮಕ್‌ಚಿಕ್‌ಗೆ ಫೋನ್ ಇರಲಿಲ್ಲ. ಆಕೆಯ ಪಕ್ಕದ ಕಿರಾಣಿ ಅಂಗಡಿಯವನ ನಂಬರು ನಮ್ಮಲ್ಲಿತ್ತು. ಅವನು ಹೇಳಿದ: "ಡೊಕ್ತೊರ್ ಇಲ್ಲದೆ ನುಂಗಿ ಮದ್ದು ದಂಡ ಮಾಡುವುದು ಯಾಕೆ ಎನ್ನುತ್ತಿದ್ದಾಳೆ."

ಈಗ ಉಳಿದದ್ದು ಒಂದೇ ದಾರಿ. ಆಕೆ ಆಚೆ ದಡದಲ್ಲಿ ನಿಲ್ಲಬೇಕು, ಡಾಕ್ಟರು ಈಚೆ ದಡದಲ್ಲಿ. ಬಂದೂಕು, ಮುಳ್ಳುತಂತಿ, ನೀರು: ಅವರು ಜೀವಮಾನವಿಡೀ ತಪ್ಪಿಸಿಕೊಂಡು ಬಂದದ್ದೆಲ್ಲ ಆ ಒಂದೇ ಜಾಗದಲ್ಲಿ ಇತ್ತು. ಅನುಮತಿ ಪತ್ರಕ್ಕೆ ಪೊಲೀಸ್ ಠಾಣೆಗೆ ಹೋಗುವಾಗ ಅವರ ನಾಡಿ ನೂರ ಹದಿನೆಂಟು ಇತ್ತು. ನಾನೇ ಎಣಿಸಿದ್ದೇನೆ. ದಡದ ಕಾವಲಿಗಿದ್ದ ಪೊಲೀಸಿನವನು ಒಳ್ಳೆಯವನು. ದಿನಕ್ಕೆ ಹದಿನೈದು ನಿಮಿಷ ಎಂದು ಒಪ್ಪಿದ.

ಹೊತ್ತು ಗೊತ್ತುಮಾಡಿದವಳು ನಾನು. ಅಂಗಡಿಯವನಿಗೆ ಫೋನ್ ಮಾಡಿ, "ಬೆಳಿಗ್ಗೆ ಏಳು, ಎಂದಿನಂತೆ" ಎಂದೆ. ಮರುದಿನ ಆರು ಐವತ್ತೈದಕ್ಕೆ ನಾವಿಬ್ಬರೂ ಮುಖಕವಚ, ಕನ್ನಡಕದ ಮೇಲೆ ಪ್ಲಾಸ್ಟಿಕ್ ಪರದೆ, ಕೈಗವಸು ಹಾಕಿ ನಿಂತೆವು. ಡಾಕ್ಟರ ಕೊರಳಲ್ಲಿ ದುರ್ಬೀನು. ಆಚೆ ದಡ ಖಾಲಿ. ಏಳು ಹದಿನೈದಾಯಿತು. "ಇನ್ನು ಐದು ನಿಮಿಷ ನೋಡುವ ಸಿಸ್ಟರ್" ಎಂದರು. "ಸಮಯ ಎಂದರೆ ಸಮಯ ಡಾಕ್ಟ್ರೇ" ಎಂದು ನಾನು ತಿರುಗಿ ನಡೆದೆ. ಎರಡನೆಯ ದಿನವೂ ಆಕೆ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಅಂಗಡಿಯವನ ಫೋನು ಸ್ವಿಚ್ ಆಫ್ ಆಗಿತ್ತು. ಜ್ವರ ಬಂತೋ, ಯಾರಾದರೂ ಎಳೆದುಕೊಂಡು ಹೋದರೋ, ಸತ್ತೇಹೋದಳೋ ಎಂದು ಡಾಕ್ಟರು ಊಟ ಬಿಟ್ಟರು.

ಮೂರನೆಯ ದಿನ ಮಧ್ಯಾಹ್ನ ಫೋನು ಸಿಕ್ಕಿತು. ಅಂಗಡಿಯವನು ಸಿಟ್ಟಿನಲ್ಲಿದ್ದ. "ಮೂರು ದಿನದಿಂದ ಆಕೆ ಏಳು ಗಂಟೆಗೆ ಮಾತ್ರೆ ಕೈಯಲ್ಲಿ ಹಿಡಿದು ನಿಂತು ಬರುತ್ತಿದ್ದಾಳೆ. ನೀವೆಲ್ಲಿ?"

ಆಗ ನನಗೆ ಹೊಳೆಯಿತು. ಥೈಲ್ಯಾಂಡಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಚಿಕಿತ್ಸಾಲಯಕ್ಕೆ ಬರುವ ಆಚೆ ದಡದವರನ್ನೆಲ್ಲ ನಾನೇ ವರ್ಷಗಟ್ಟಲೆ ನನ್ನ ಗಡಿಯಾರಕ್ಕೆ ಪಳಗಿಸಿದ್ದೆ. ಹೊಳೆ ದಾಟಿ ಬರುವವರು ನಮ್ಮ ಹೊತ್ತಿಗೆ ಬರುತ್ತಿದ್ದರು. ದಾಟದೆ ತಮ್ಮ ದಡದಲ್ಲೇ ನಿಲ್ಲುವವರು ತಮ್ಮ ಹೊತ್ತಿಗೇ ನಿಲ್ಲುತ್ತಾರೆ ಎಂದು ನನಗೆ ತೋಚಲಿಲ್ಲ. ನಾವು ಬೆನ್ನು ತಿರುಗಿಸಿ ಮುಕ್ಕಾಲು ಗಂಟೆಯಾದ ಮೇಲೆ ಆಕೆ ಬಂದು ಖಾಲಿ ದಡವನ್ನು ನೋಡುತ್ತಾ ನಿಂತಿದ್ದಳು.

ಡಾಕ್ಟರು ನನ್ನನ್ನು ಬೈಯಲಿಲ್ಲ. "ಟಿಟಿಕಾಕಾ ಸರೋವರದ ಎರಡು ದಡಕ್ಕೂ ಒಂದು ಗಂಟೆ ವ್ಯತ್ಯಾಸ ಅಂತ ನಾನೇ ಕ್ವಿಜ್‌ನಲ್ಲಿ ಕೇಳಿದ್ದೆ ಸಿಸ್ಟರ್. ಬಾಗಿಲ ಎದುರಿನ ಹೊಳೆ ಮರ್ತೇಹೋಯ್ತು" ಎಂದಷ್ಟೇ ಅಂದರು. ಗಡಿ ಮುಚ್ಚಿದಾಗ ತಪ್ಪಿದ ದಿನಗಳ ಜೊತೆಗೆ ಈ ಮೂರು ದಿನಗಳನ್ನೂ ಕ್ರಮದಂತೆ ಚಿಕಿತ್ಸೆಯ ಕೊನೆಗೆ ಸೇರಿಸಿದೆವು. ಕಾರ್ಡಿನಲ್ಲಿ ಆ ಮೂರು ಚೌಕ ಖಾಲಿ. ಖಾಲಿ ಬಿಟ್ಟವಳು ನಾನು.

ಅಲ್ಲಿಂದ ನಮ್ಮ ಎಂಟು, ಆಕೆಯ ಏಳು. ಆಕೆ ತಂತಿಯ ಹಿಂದೆ ನಿಂತು ಮಾತ್ರೆಗಳನ್ನು ಒಂದೊಂದಾಗಿ ಎತ್ತಿ ತೋರಿಸುವಳು, ಬಾಯಿಗೆ ಹಾಕಿ ನೀರು ಕುಡಿಯುವಳು, ಬಾಯಿ ಅಗಲಿಸಿ ನಿಲ್ಲುವಳು. ಡಾಕ್ಟರು ದುರ್ಬೀನಿನಲ್ಲಿ ನೋಡಿ ಬಲಗೈ ಎತ್ತುವರು. ಕೈ ಮೇಲೇಳುವವರೆಗೆ ಆಕೆ ಬಾಯಿ ಮುಚ್ಚುತ್ತಿರಲಿಲ್ಲ. ಎರಡೂ ಕಡೆಯ ಕಾವಲಿನವರು ಇದನ್ನು ನೋಡುತ್ತಾ ನಿಲ್ಲುವರು. ಆ ಪೇಟೆಯಲ್ಲಿ ಆಗ ನಡೆಯುತ್ತಿದ್ದ ಒಂದೇ ಆಟ ಅದು. ದೂರದಿಂದ ಕಂಡವರಿಗೆ ತಮಾಷೆ. ಹತ್ತಿರ ನಿಂತ ನನಗೆ ಡಾಕ್ಟರ ಬಲಗೈ ಇಳಿದ ಕೂಡಲೇ ಮಣಿಕಟ್ಟಿಗೆ ಹೋಗುವುದು ಕಾಣುತ್ತಿತ್ತು. ಒಂದು ದಿನವೂ ಹೆದರದೆ ನಿಂತವರಲ್ಲ. ಒಂದು ದಿನವೂ ತಪ್ಪಿಸಿದವರೂ ಅಲ್ಲ.

ಮಗಳು ಸುಬಾಂಗ್ ಜಯಾದಿಂದ ದಿನಾ ಫೋನ್ ಮಾಡುತ್ತಿದ್ದಳು. "ಅಪ್ಪಾ, ಡೋಂಟ್ ಗೋ ನಿಯರ್ ದಿ ಬಾರ್ಡರ್ ಲಾ. ಯುವರ್ ಏಜ್ ಹೌ ಓಲ್ಡ್ ಆಲ್ರೆಡಿ?"

"ನಾನು ಎಲ್ಲೂ ಹೋಗುದಿಲ್ಲ ಮಗಾ. ಸಿಸ್ಟರನ್ನು ಕೇಳು" ಎಂದು ಫೋನನ್ನು ಬೇಲಿಯ ಮೇಲಿಂದ ನನ್ನ ಕಡೆ ಚಾಚುತ್ತಿದ್ದರು. ನಾನು ಹವಾಮಾನದ ಮಾತಾಡುತ್ತಿದ್ದೆ.

ಜುಲೈ ಮೊದಲ ವಾರ. ಒಂದು ಬೆಳಿಗ್ಗೆ ಹೊಳೆಯಿಂದ ಮರಳುವಾಗ ಅವರ ಕೈ ಮಣಿಕಟ್ಟಿನ ಮೇಲಿತ್ತು.

"ಎಷ್ಟು ಡಾಕ್ಟ್ರೇ?"

"ಎಣಿಸ್ಲಿಕ್ಕೆ ಆಗುದಿಲ್ಲ ಸಿಸ್ಟರ್. ತಪ್ಪುತ್ತಾ ಉಂಟು."

ನಾನು ನಕ್ಕೆ. ಇಪ್ಪತ್ತು ವರ್ಷ ನಕ್ಕ ಅಭ್ಯಾಸ. ಮನೆಗೆ ಬಂದ ಮೇಲೆ ಕೈ ಹಿಡಿದು ನೋಡಿದೆ. ನಾಲ್ಕು ಬಡಿತ, ಒಂದು ಖಾಲಿ. ಆರು ಬಡಿತ, ಎರಡು ಖಾಲಿ. ಬೆರಳು ತಣ್ಣಗಿದ್ದವು. ಈಗಲೇ ದೊಡ್ಡಾಸ್ಪತ್ರೆಗೆ ಹೋಗುವ ಎಂದೆ.

"ಹೋದ್ರೆ ಅಲ್ಲೇ ಇಟ್ಕೊಳ್ತಾರೆ. ಆಚೆ ನಿಂತವರನ್ನು ಯಾರು ನೋಡುವುದು?"

"ಹೆದರಿಕೆಯಾಗುವುದಿಲ್ಲವಾ ನಿಮಗೆ?"

"ಆಗದೆ? ರಾತ್ರಿ ಮಲಗ್ಲಿಕ್ಕೆ ಹೆದರಿಕೆ, ಏಳದಿದ್ರೆ ಅಂತ. ಆದರೆ ಎಂತ ಮಾಡುವುದು, ಸುಳ್ಳು ಹೇಳಿದವ ನಾನು."

ಆ ಸುಳ್ಳಿನ ಗಂಟನ್ನು ಬಿಡಿಸಲು ಅವರು ಪ್ರಯತ್ನ ಮಾಡದೆ ಇರಲಿಲ್ಲ. ಮರುದಿನ ಆಕೆ ಮಾತ್ರೆ ನುಂಗಿದ ಮೇಲೆ, ಎಂದೂ ಗಟ್ಟಿಯಾಗಿ ಮಾತಾಡದ ಮನುಷ್ಯ ಎರಡೂ ಅಂಗೈಗಳನ್ನು ಬಾಯಿಗೆ ಹಿಡಿದು ಹೊಳೆಯ ಮೇಲೆ ಕೂಗಿದರು. "ಮಕ್‌ಚಿಕ್! ನಾನು ಹೇಳಿದ್ದು ಸುಳ್ಳು! ನಾನು ನೋಡದಿದ್ದರೂ ಮದ್ದು ಹಿಡಿಯುತ್ತದೆ! ಮನೆಯಲ್ಲೇ ನುಂಗಿ!"

ಆಚೆ ದಡದಲ್ಲಿ ಆಕೆ ಸೊಂಟಕ್ಕೆ ಕೈಯಿಟ್ಟಳು. ಆಮೇಲೆ ಸಂತೆಯಲ್ಲಿ ಕೂಗುವ ಆ ಗಂಟಲು ತೆರೆಯಿತು. "ಡೊಕ್ತೊರ್ ತಾಕುತ್ ಲಾ!" ಎಂದರೆ, ಡಾಕ್ಟರಿಗೆ ಹೆದರಿಕೆಯಾಗಿದೆ. "ಬರಲು ಹೆದರಿಕೆ, ಅದಕ್ಕೇ ಈಗ ಸುಳ್ಳು ಹೇಳುತ್ತಿದ್ದೀರಿ! ನೀವು ಬಾರದಿದ್ದರೆ ನಾನು ನುಂಗುವುದಿಲ್ಲ! ನಾಳೆ ಏಳಕ್ಕೆ!"

ಕಾವಲಿನವರು ಹೊಟ್ಟೆ ಹಿಡಿದು ನಕ್ಕರು, ಎರಡೂ ದೇಶದವರು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೆದರುವವರೆಂದು ಎಲ್ಲರಿಗೂ ಗೊತ್ತಿದ್ದರಿಂದ ಅವರ ನಿಜವನ್ನು ಯಾರೂ ನಂಬಲಿಲ್ಲ. ಮಗಳಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೇಳಿದ್ದರೆ ಅವಳು ಹೇಗಾದರೂ ಮಾಡಿ ಅವರನ್ನು ಆಸ್ಪತ್ರೆಗೆ ಸೇರಿಸುತ್ತಿದ್ದಳು. ಡಾಕ್ಟರು ನನ್ನಿಂದ ಮಾತು ತೆಗೆದುಕೊಂಡರು. ಮದ್ದು ಮುಗಿದ ಮರುದಿನವೇ ಆಸ್ಪತ್ರೆಗೆ ಬರುತ್ತೇನೆ, ಅಲ್ಲಿಯವರೆಗೆ ಮಗಳಿಗೆ ತಿಳಿಯಬಾರದು ಎಂದು. ನಾನು ಸುಮ್ಮನಿದ್ದೆ. ಮಗಳಿಗೆ ನಾನು ಹೇಳದೆ ಉಳಿಸಿಕೊಂಡ ಸಂಗತಿ ಇದು.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಬೆಳಿಗ್ಗೆ ಬೇಲಿಯ ಬಳಿ ಕಳೆದೆ. ಐದು ಗಂಟೆಗೆ ಅವರ ಅಡುಗೆಮನೆಯ ದೀಪ ಹತ್ತಬೇಕು. ಹತ್ತುವವರೆಗೆ ನಾನು ಅಲ್ಲಿಂದ ಕದಲುತ್ತಿರಲಿಲ್ಲ. ಒಂದು ದಿನ ಐದು ಇಪ್ಪತ್ತಾದರೂ ಹತ್ತಲಿಲ್ಲ. ಬೇಲಿ ಹಾರಿ ಬಾಗಿಲು ಬಡಿದೆ. ನನಗಾಗ ಅರವತ್ತನಾಲ್ಕು. ಅವರು ಬಾಗಿಲು ತೆಗೆದು, "ಬಲ್ಬ್ ಹೋಗಿದೆ ಸಿಸ್ಟರ್. ನಿಮ್ಮ ಸೀರೆ ಹರಿದಿದೆ" ಎಂದರು.

ದಡದಲ್ಲಿ ತಪ್ಪಿದ ಆ ಮೂರು ದಿನ ಇಲ್ಲದಿದ್ದರೆ ಮದ್ದು ಮುಗಿಯಬೇಕಿದ್ದದ್ದು ಆಗಸ್ಟ್ ತಿಂಗಳ ಒಂದು ಶುಕ್ರವಾರ. ನನ್ನ ಗಡಿಯಾರದ ದೆಸೆಯಿಂದ ಮೂರು ದಿನ ಹೆಚ್ಚು: ಶನಿವಾರ, ಭಾನುವಾರ, ಸೋಮವಾರ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಆಕೆ ಮಾತ್ರೆ ತೋರಿಸಿದಳು, ನುಂಗಿದಳು, ಬಾಯಿ ತೆರೆದಳು. ಡಾಕ್ಟರು ದುರ್ಬೀನು ಇಳಿಸಿ ಕೈ ಎತ್ತಿದರು. ಆಕೆ ಬಾಯಿ ಮುಚ್ಚಿ ತಿರುಗಿ ಹೋಗುವವರೆಗೆ ಕಾದರು. ಆಮೇಲೆ ಯಾರೋ ಕೂರು ಎಂದು ಹೇಳಿದ ಹಾಗೆ ನೆಲದ ಮೇಲೆ ಕೂತುಬಿಟ್ಟರು. ಪೊಲೀಸಿನವನೂ ನಾನೂ ಸೇರಿ ಜೀಪಿಗೆ ಹಾಕಿದೆವು. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ತಡೆದರು. ಜೊತೆಯವರಿಗೆ ಆಗ ಪ್ರವೇಶವಿರಲಿಲ್ಲ. ನಲವತ್ತೊಂದು ವರ್ಷ ಇಂಥ ಬಾಗಿಲುಗಳ ಒಳಗಡೆ ನಿಂತು ಜನರನ್ನು ತಡೆದವಳು ನಾನು. ಹೊರಗೆ ನಿಂತದ್ದು ಅದೇ ಮೊದಲು.

ಹೃದಯ ವಾರ್ಡಿನ ನರ್ಸ್ ನನ್ನ ಹಳೆಯ ವಿದ್ಯಾರ್ಥಿನಿ. ಭಾನುವಾರ ಎಂಟಕ್ಕೆ ಅವಳು ತನ್ನ ಫೋನನ್ನು ಡಾಕ್ಟರ ಮುಖದ ಎದುರು ಹಿಡಿದಳು. ಹೊಳೆಯ ದಡದಲ್ಲಿ ನಾನು ನನ್ನ ಫೋನನ್ನು ತಲೆಯ ಮೇಲೆ ಎತ್ತಿ, ಆಚೆ ನಿಂತವಳಿಗೆ ಕೂಗಿ ಹೇಳಿದೆ: "ಡಾಕ್ಟರು ಇದರಲ್ಲಿದ್ದಾರೆ! ನೋಡುತ್ತಿದ್ದಾರೆ!"

ಆಕೆ ಸಂಶಯದಿಂದ ಬಹಳ ಹೊತ್ತು ನಿಂತಳು. ಕೊನೆಗೆ ನುಂಗಿದಳು.

"ಕಾಣುದಿಲ್ಲ ಸಿಸ್ಟರ್, ಬರೀ ನೀರು" ಎಂದಿತು ಫೋನು. ಆಮ್ಲಜನಕದ ಮುಖವಾಡದ ಒಳಗಿನ ಧ್ವನಿ.

"ನುಂಗಿದರು ಡಾಕ್ಟ್ರೇ."

"ಬಾಯಿ ತೆಗೆದ್ರಾ?"

"ತೆಗೆದಿದ್ದಾರೆ."

"ನಾಲಿಗೆ ಎತ್ತಿ..."

ಅಲ್ಲಿಗೆ ಫೋನು ಕಡಿಯಿತು. ನೆಟ್‌ವರ್ಕ್ ಹೋಯಿತೋ, ವಾರ್ಡಿನಲ್ಲಿ ಏನಾದರೂ ಆಯಿತೋ ತಿಳಿಯಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಆಚೆ ದಡದಲ್ಲಿ ಆಕೆ ಬಾಯಿ ತೆರೆದೇ ನಿಂತಿದ್ದಳು. ಎಷ್ಟು ಹೊತ್ತು ನಿಲ್ಲಿಸಲಿ? ನಾನು ಬಲಗೈ ಎತ್ತಿದೆ.

ಮಧ್ಯಾಹ್ನ ಎರಡೂ ಹತ್ತಕ್ಕೆ ಅವರು ಹೋದರು. ಕೊನೆಗೆ ಹತ್ತಿರವಿದ್ದದ್ದು ನನ್ನ ವಿದ್ಯಾರ್ಥಿನಿ ಒಬ್ಬಳೇ. ಅವರ ಕೈ ಎಲ್ಲಿತ್ತು ಎಂದು ಕೇಳಿದೆ. ಮಣಿಕಟ್ಟಿನ ಮೇಲೆ, ಮೇಡಂ ಎಂದಳು.

ಸೋಮವಾರ ಒಂದು ಮಾತ್ರೆಯ ದಿನ ಉಳಿದಿತ್ತು. ನಿಜ ಹೇಳಿದರೆ ಆಕೆ ನುಂಗುವುದಿಲ್ಲ. ಒಂದು ದಿನದ ಮದ್ದಿನಿಂದ ಏನೂ ಕೆಡುವುದಿಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಆದರೆ ಪೂರ್ತಿಯಾಗಲಿಲ್ಲ ಎಂಬ ಹೆದರಿಕೆ ಆಕೆಯನ್ನು ಜೀವಮಾನವಿಡೀ ತಿನ್ನುತ್ತಿತ್ತು. ಎಂಟಕ್ಕೆ ಹೋಗಿ ನಿಂತೆ. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಅದರ ಪರದೆ ಆರಿತ್ತು. ಆಕೆ ನುಂಗಿದಳು, ಬಾಯಿ ತೆರೆದಳು, ನಾನು ಕೈ ಎತ್ತಿದೆ.

"ಡೊಕ್ತೊರ್ ನೋಡಿದರಾ?" ಎಂದು ಕೂಗಿದಳು.

"ನೋಡಿದರು" ಎಂದು ಕೂಗಿದೆ. ಕಾರ್ಡಿನ ಕೊನೆಯ ಚೌಕಕ್ಕೆ ಗುರುತು ಹಾಕಿ, ನೋಡಿದವರ ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದೆ.

ಎರಡು ವರ್ಷದ ಮೇಲೆ ಗಡಿ ತೆರೆಯಿತು. ತೆರೆದ ವಾರವೇ ಮಕ್‌ಚಿಕ್ ಚಿಕಿತ್ಸಾಲಯಕ್ಕೆ ಬಂದಳು. ಮೈ ತುಂಬಿದ್ದಳು. ಕೈಯಲ್ಲಿ ಡಾಕ್ಟರಿಗೆಂದು ಕರಿದ ಬಾಳೆಹಣ್ಣಿನ ಪೊಟ್ಟಣ. ಹಿಂದೆ ಮಗಳು, ಮುಖಕವಚದ ಮೇಲೆ ಸೆರಗಿನಂತೆ ತಲೆವಸ್ತ್ರ ಎಳೆದುಕೊಂಡವಳು. ನಾನು ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದೆ.

ಆಕೆ ಅಳಲಿಲ್ಲ. "ಯಾವ ದಿನ?" ಎಂದಳು.

"ನಿಮ್ಮ ಕೊನೆಯ ಮಾತ್ರೆಯ ಹಿಂದಿನ ದಿನ."

ಬೆರಳು ಮಡಿಸಿದಳು. "ಹಾಗಾದರೆ ಕೊನೆಯದನ್ನು ನೋಡಿದ್ದು ಯಾರು?"

"ನಾನು."

"ಫೋನಿನಲ್ಲಿ?"

"ಫೋನಿನಲ್ಲಿ ಯಾರೂ ಇರಲಿಲ್ಲ."

ಆಕೆ ಎದೆಯ ಮೇಲೆ ಕೈಯಿಟ್ಟು ಉಸಿರನ್ನು ಆಳವಾಗಿ ಎಳೆದುಕೊಂಡು, ಒಳಗಿನಿಂದ ಏನಾದರೂ ಕೇಳುತ್ತದೋ ಎಂಬಂತೆ ಕಾದಳು. ಎರಡು ಸಲ ಹಾಗೆ ಮಾಡಿದಳು. ಕೆಮ್ಮು ಬರಲಿಲ್ಲ. ಬೆಂಚಿನ ಆ ತುದಿಯಲ್ಲಿ ಮಗಳು ಕೆಮ್ಮಿದಳು. ಒಣಕೆಮ್ಮಲ್ಲ. ಆ ಸದ್ದು ಏನೆಂದು ನನಗೆ ಗೊತ್ತು, ಆಕೆಗೂ ಗೊತ್ತು.

"ಎರಡು ತಿಂಗಳಾಯಿತು" ಎಂದಳು ಮಕ್‌ಚಿಕ್. "ಮನೆಯಲ್ಲಿ ಕೂಸಿದೆ. ಡೊಕ್ತೊರ್‌ಗೆ ತೋರಿಸಲೆಂದೇ ಕರೆದುಕೊಂಡು ಬಂದೆ. ಇವಳಿಗೂ ಅದೇ ಆದರೆ, ಇವಳು ನುಂಗುವುದನ್ನು ಯಾರು ನೋಡುತ್ತಾರೆ?"

"ನಾನು ನೋಡುತ್ತೇನೆ."

"ಆರು ತಿಂಗಳು."

"ಆರು ತಿಂಗಳು."

ಆಕೆ ನನ್ನ ಬಿಳಿಯ ಕೂದಲನ್ನು ನೋಡಿದಳು. ಕೈಯನ್ನು ನೋಡಿದಳು, ಕಾಲನ್ನು ನೋಡಿದಳು. ಸಂತೆಯಲ್ಲಿ ಗೊನೆ ಆರಿಸುವವರು ನೋಡುವ ಹಾಗೆ, ಆತುರವಿಲ್ಲದೆ.

"ನಿಮಗೆ ವಯಸ್ಸೆಷ್ಟು?" ಎಂದು ಕೇಳಿದಳು.